ಆಹಾರ್ಯ ಶಿಲ್ಪಿಗಳೂ ಅವರ ಚಿತ್ರಪತ್ರಗಳೂ

ಶ್ರೀಮಠದ ಮಹೋತ್ಸವದ ಈ ಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಹೇಳಿಕೊಡುತ್ತ ಕಾಲ ಕಳೆದ ನನ್ನಂಥವನಿಂದ ರಸವಿಚಾರವನ್ನೋ ಧ್ವನಿವಿಚಾರವನ್ನೋ ಭಕ್ತಮಹಾಶಯರು ನಿರೀಕ್ಷಿಸಿದ್ದಿರಬಹುದು. ಆದರೆ ಕಳೆದ ವರ್ಷ ಶ್ರೀಮಠದ ಅಟ್ಟವನ್ನು ತೆರವು ಮಾಡಿಸುವಾಗ ದೊರೆತ ಹಳೆಯ ನಾಟಕದ ಪರದೆಯೊಂದು ನನ್ನ ಮನಸ್ಸನ್ನು ಬೇರೆಡೆಗೆ ಎಳೆದಿದೆ. ಅದು ದರಬಾರಿನ ಪರದೆ. ಸಾಲುಗಂಬಗಳು, ಕಮಾನುಗಳು, ನಡುವೆ ಸಿಂಹಾಸನ, ಹಿಂದೆ ತೆರೆದ ಕಿಟಕಿಯಲ್ಲಿ ಒಂದು ಉದ್ಯಾನ. ಯಾವುದೋ ಜಾತ್ರೆಯ ಕಾಲದಲ್ಲಿ ನಾಟಕವಾಡಲು ಬಂದ ಕಂಪನಿಯವರು ಸಾಲ ತೀರಿಸಲಾರದೆ ಬಿಟ್ಟುಹೋದುದೆಂದು ಹಿರಿಯರು ಹೇಳುವರು. ಬಲಗಡೆಯ ಕೆಳಮೂಲೆಯಲ್ಲಿ ಬರೆದವನ ರುಜು ಇದೆ. 'ಪೇಂಟರ್' ಎಂಬ ಮಾತು ಮಾತ್ರ ಉಳಿದು, ಅದರ ಹಿಂದಿದ್ದ ಹೆಸರನ್ನು ಗೆದ್ದಲು ತಿಂದಿದೆ.

ನಾಟಕವನ್ನು ಬರೆದ ಕವಿಯ ಹೆಸರು ಉಳಿಯುವುದು. ಆಡಿದ ನಟನ ಹೆಸರೂ ಒಂದೆರಡು ತಲೆಮಾರು ಜನರ ಬಾಯಲ್ಲಿ ಇರುವುದು. ಆದರೆ ಅರಮನೆಯನ್ನೂ ಅಡವಿಯನ್ನೂ ಬಟ್ಟೆಯ ಮೇಲೆ ನಿರ್ಮಿಸಿದವನು, ಕಿರೀಟವನ್ನು ಕಟ್ಟಿದವನು, ರಾಜನ ಅಂಗಿಯನ್ನು ಹೊಲಿದವನು, ಇವರ ಹೆಸರು ಎಲ್ಲಿ ಹೋಯಿತು? ಕೆಲವೆಡೆ ಅವರ ಕೆಲಸದ ಕುರುಹುಗಳು ನಾಲ್ಕು ನೂರು ವರ್ಷ ಉಳಿದು ಬಂದಿರಲು, ನಮ್ಮಲ್ಲಿ ನೂರು ವರ್ಷವೂ ನಿಲ್ಲದಿರುವುದಕ್ಕೆ ಕಾರಣವೇನು? ಈ ಲೇಖನದಲ್ಲಿ ವಿಚಾರಿಸತಕ್ಕದ್ದು ಇಷ್ಟೇ.

ಮೊದಲು ಶಾಸ್ತ್ರದ ಮಾತು. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಸಾತ್ತ್ವಿಕ, ಆಹಾರ್ಯವೆಂದು ನಾಲ್ಕಾಗಿ ವಿಭಾಗಿಸಿರುವುದು ಸರ್ವರಿಗೂ ವಿದಿತವೇ ಇದೆ. ಆಹಾರ್ಯವೆಂದರೆ ಹೊರಗಿನಿಂದ ತಂದು ಸೇರಿಸತಕ್ಕದ್ದು, ನೇಪಥ್ಯದ ವಿಧಿ. ವಿದ್ಯಾರ್ಥಿಗಳು ಇದನ್ನು ನಾಲ್ಕರಲ್ಲಿ ಕಡೆಯದೆಂದು ಎಣಿಸಿ ಬೇಗ ದಾಟಿಬಿಡುವರು. ನಾನೂ ಬಹುಕಾಲ ಹಾಗೆಯೇ ದಾಟಿಸಿದ್ದೇನೆಂದು ಒಪ್ಪಿಕೊಳ್ಳಬೇಕು. ಆದರೆ ಆ ಅಧ್ಯಾಯವನ್ನು ನಿಧಾನವಾಗಿ ಓದಿದವರಿಗೆ ಅದನ್ನು ಹೇಳಿದವನು ಕೈಕೆಲಸದವರ ನಡುವೆ ಕುಳಿತು ಕಂಡವನೆಂಬುದು ತಿಳಿಯದೆ ಇರದು. ನೇಪಥ್ಯವು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವವೆಂದು ನಾಲ್ಕು ಬಗೆ. ಪುಸ್ತವೆಂದರೆ ಬೆಟ್ಟ, ವಿಮಾನ, ರಥ, ಗುರಾಣಿ, ಧ್ವಜ ಮುಂತಾದವುಗಳ ಕೃತಕರೂಪಗಳು. ಚಾಪೆ, ಬಟ್ಟೆ, ಚರ್ಮಗಳನ್ನು ಜೋಡಿಸಿ ಮಾಡಿದ್ದು ಒಂದು. ಯಂತ್ರದಿಂದ ಆಡುವುದು ಇನ್ನೊಂದು. ಸುತ್ತಿ ಕಟ್ಟಿ ಮಾಡಿದ್ದು ಮತ್ತೊಂದು. ರಂಗದ ಮೇಲೆ ಪ್ರಾಣಿಗಳು ಪ್ರವೇಶಿಸುವುದು ಸಂಜೀವ.

ಬಣ್ಣದ ವಿಷಯದಲ್ಲಿಯೂ ಹಾಗೆಯೇ. ಬಿಳಿದು, ನೀಲಿ, ಹಳದಿ, ಕೆಂಪು, ಈ ನಾಲ್ಕು ಸ್ವಭಾವವರ್ಣಗಳು. ಬಿಳಿದೂ ಹಳದಿಯೂ ಕೂಡಿದರೆ ಪಾಂಡುವರ್ಣ, ಬಿಳಿದೂ ಕೆಂಪೂ ಕೂಡಿದರೆ ಪದ್ಮವರ್ಣ, ಹಳದಿಯೂ ನೀಲಿಯೂ ಕೂಡಿದರೆ ಹಸುರು, ನೀಲಿಯೂ ಕೆಂಪೂ ಕೂಡಿದರೆ ಕಷಾಯ. ಇದು ತತ್ತ್ವಜ್ಞನು ಊಹಿಸಿ ಹೇಳಿದ ಮಾತಲ್ಲ, ಬಟ್ಟಲಿನಲ್ಲಿ ಬಣ್ಣ ಕಲಸಿ ನೋಡಿದವನ ಮಾತು. ಆಭರಣಗಳ ಪ್ರಕರಣ ಇನ್ನೂ ಸ್ವಾರಸ್ಯವಾದುದು. ರಂಗದ ಮೇಲಿನ ಒಡವೆಗಳನ್ನು ಭಾರವಾಗಿ ಮಾಡಬಾರದು, ಮಾಡಿದರೆ ನಟನು ಬಳಲುವನು, ಬೆವರುವನು, ಚಲನೆಗೆ ತೊಡಕಾಗುವುದು ಎಂದು ಎಚ್ಚರಿಸಿ, ಅರಗು, ತೆಳುವಾದ ತಗಡು, ಅಭ್ರಕ, ಮೇಣ ಮುಂತಾದ ಹಗುರ ದ್ರವ್ಯಗಳನ್ನು ವಿಧಿಸಿದ್ದಾನೆ. ಮುಖವಾಡ ಕಿರೀಟಗಳಿಗೆ ಬಿಲ್ವದ ಅಂಟು ಹಚ್ಚಿದ ಬಟ್ಟೆ. ಆಯುಧಗಳನ್ನೂ ಕಬ್ಬಿಣದಿಂದ ಮಾಡಕೂಡದು. ಕರಾವಳಿಯ ಯಕ್ಷಗಾನದ ವೇಷಗಳಲ್ಲಿ ಹಗುರಮರದ ಭುಜಕೀರ್ತಿ ಎದೆಕಟ್ಟುಗಳಿಗೆ ಬೇಗಡೆ ಹೊದಿಸಿ, ಕನ್ನಡಿಯ ಚೂರುಗಳನ್ನು ಕೂಡಿಸಿದ್ದನ್ನು ಕಂಡವರಿಗೆ ಈ ವಿಧಿಯು ಇನ್ನೂ ಜೀವಂತವಾಗಿರುವುದು ಗೊತ್ತಾಗುವುದು. ಅಲ್ಲಿ ವೇಷವನ್ನು ಕಟ್ಟುವವರು ಭರತನನ್ನು ಓದಿದವರಲ್ಲ. ತಂದೆಯ ಕೈಯನ್ನು ನೋಡಿ ಕಲಿತವರು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಗ್ರಂಥದ ಕೊನೆಯ ಭಾಗದಲ್ಲಿ ನಾಟ್ಯಮಂಡಲಿಗೆ ಸೇರಿದವರನ್ನು ಎಣಿಸುವಾಗ ಭರತನು ಸೂತ್ರಧಾರ, ನಟ, ವಿದೂಷಕರೊಡನೆ ಕಿರೀಟ ಮಾಡುವವನು, ಆಭರಣ ಮಾಡುವವನು, ಮಾಲೆ ಕಟ್ಟುವವನು, ವೇಷಕಾರ, ಚಿತ್ರಕಾರ, ರಜಕ ಇವರನ್ನೂ ಹೆಸರಿಸಿದ್ದಾನೆ. ಅವರು ಕೂಲಿಗೆ ಬಂದವರಾಗಿಯಲ್ಲ, ಮಂಡಲಿಯ ಅಂಗಗಳಾಗಿ ಅಲ್ಲಿರುವರು. ಆದರೆ ಉಳಿದಿರುವುದು ವೃತ್ತಿಯ ಹೆಸರೇ ಹೊರತು ವ್ಯಕ್ತಿಯದಲ್ಲ. ಶಾಕುಂತಲದ ಮೊದಲ ಪ್ರಯೋಗಕ್ಕೆ ಆಶ್ರಮದ ವಲ್ಕಲವನ್ನು ಯಾರು ಸಿದ್ಧಪಡಿಸಿದರು? ಕಾಳಿದಾಸನ ವಿಷಯವೇ ಊಹೆಯಾಗಿರುವಾಗ ಇದನ್ನು ಕೇಳುವುದು ಅತಿಯಾಯಿತೆನ್ನಬಹುದು. ಅಸ್ತು. ಶರಣರ ಕಾಲಕ್ಕೆ ಬಂದರೆ ಸ್ಥಿತಿ ಬೇರೆ. ಸೂಜಿಕಾಯಕದ ರಾಮಿತಂದೆ, ಬಹುರೂಪಿ ಚೌಡಯ್ಯ, ನಗೆಯ ಮಾರಿತಂದೆ, ಮಡಿವಾಳ ಮಾಚಯ್ಯ: ಇಲ್ಲಿ ಕಾಯಕವೂ ಹೆಸರೂ ಒಂದನ್ನೊಂದು ಬಿಟ್ಟಿಲ್ಲ. ಹೊಲಿಯುವವನೂ ವೇಷ ತೊಡುವವನೂ ತಮ್ಮ ಹೆಸರಿನಿಂದಲೇ ಮಾತನಾಡುವ ಕಾಲವೊಂದು ಈ ನಾಡಿನಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಇದ್ದಿತೆಂಬುದನ್ನು ಮುಂದಿನ ಮಾತಿಗಾಗಿ ನೆನಪಿನಲ್ಲಿ ಇಟ್ಟುಕೊಳ್ಳೋಣ.

ಇನ್ನು ಪರದೇಶದ ಒಂದು ದೃಷ್ಟಾಂತ. ಇಂಗ್ಲೆಂಡಿನಲ್ಲಿ ಇನಿಗೋ ಜೋನ್ಸ್ ಎಂಬ ಶಿಲ್ಪಿಯಿದ್ದನು. ಜನನ ೧೫೭೩, ಲಂಡನ್ನಿನ ಬಟ್ಟೆಗಾರನೊಬ್ಬನ ಮಗ. ಇಟಲಿಗೆ ಹೋಗಿ ಚಿತ್ರಕಲೆಯನ್ನೂ ವಾಸ್ತುವನ್ನೂ ಅಭ್ಯಸಿಸಿ ಬಂದು ಅರಮನೆಯ ಆಶ್ರಯವನ್ನು ಪಡೆದನು. ಅಲ್ಲಿಯ ದೊರೆಗಳ ಆಸ್ಥಾನದಲ್ಲಿ 'ಮಾಸ್ಕ್' ಎಂಬ ಒಂದು ಬಗೆಯ ನೃತ್ಯರೂಪಕ ನಡೆಯುತ್ತಿದ್ದಿತು. ರಾಣಿಯೂ ಪರಿವಾರದ ಸ್ತ್ರೀಯರೂ ಸ್ವತಃ ವೇಷ ತೊಟ್ಟು ಬರುತ್ತಿದ್ದರು. ೧೬೦೫ರ ಜನವರಿಯಲ್ಲಿ ನಡೆದ ಒಂದು ಮಾಸ್ಕಿಗೆ ಜೋನ್ಸನು ಮೊದಲ ಬಾರಿಗೆ ರಂಗವನ್ನೂ ಉಡುಪನ್ನೂ ರಚಿಸಿದನು. ಅದರ ಸಾಹಿತ್ಯ ಬೆನ್ ಜಾನ್ಸನ್ ಕವಿಯದು. ಅಲ್ಲಿಂದ ೧೬೪೦ರವರೆಗೆ ಮೂವತ್ತೈದು ವರ್ಷ ಈ ಕೆಲಸವನ್ನು ನಡೆಸಿದನು. ಒಂದರ ಹಿಂದೆ ಒಂದು ಚಿತ್ರಿತ ಫಲಕಗಳನ್ನು ತೋಡುಗಳಲ್ಲಿ ಸರಿಸಿ ಕ್ಷಣಮಾತ್ರದಲ್ಲಿ ದೃಶ್ಯವನ್ನು ಬದಲಿಸುವುದು, ಮುಮ್ಮುಖದ ಕಮಾನಿನೊಳಗೆ ದೂರದ ಬೀದಿಯು ಸಣ್ಣದಾಗುತ್ತ ಹೋಗುವಂತೆ ಬರೆಯುವುದು, ಮೇಘದೊಳಗಿನಿಂದ ದೇವತೆಗಳನ್ನು ಇಳಿಸುವುದು, ಇವೆಲ್ಲ ಇಟಲಿಯಲ್ಲಿ ಕಲಿತ ವಿದ್ಯೆ. ಆ ದೂರದ ನೋಟವು ಸಂಪೂರ್ಣ ಸರಿಯಾಗಿ ಕಾಣುತ್ತಿದ್ದುದು ಒಂದೇ ಆಸನದಿಂದ. ಅದು ದೊರೆಯ ಆಸನ! ಮಿಕ್ಕವರಿಗೆ ಕಂಬಗಳು ತುಸು ಓರೆ. ೧೬೩೪ರಲ್ಲಿ ನ್ಯಾಯವಾದಿಗಳ ಸಂಘಗಳು ಸೇರಿ ದೊರೆಯ ಮುಂದೆ ಆಡಿಸಿದ ಮಾಸ್ಕಿಗೆ ೨೦,೦೦೦ ಪೌಂಡಿಗೂ ಮಿಕ್ಕಿ ವೆಚ್ಚವಾಯಿತೆಂದರೆ ಅದರ ಆಡಂಬರವನ್ನು ಊಹಿಸಬಹುದು.

ಕವಿಗೂ ಶಿಲ್ಪಿಗೂ ಬಹುಕಾಲ ಕೂಡಿಬರಲಿಲ್ಲ. ೧೬೩೧ರಲ್ಲಿ ಅಚ್ಚಾದ ಪುಸ್ತಕದ ಮುಖಪತ್ರದಲ್ಲಿ ಜಾನ್ಸನ್ ಕವಿಯು ತನ್ನ ಹೆಸರನ್ನು ಮೊದಲು ಹಾಕಿಕೊಂಡನೆಂದು ಜೋನ್ಸನು ಕುಪಿತನಾದನು. ಕವಿಯು ಅವನನ್ನು ಬಡಗಿಯೆಂದೂ ಯಂತ್ರಗಾರನೆಂದೂ ಹಂಗಿಸುವ ಪದ್ಯವನ್ನು ಬರೆದನು. ಮಾತು ಆತ್ಮ, ದೃಶ್ಯ ಬರಿಯ ದೇಹ ಎಂಬುದು ಕವಿಯ ಪಕ್ಷ. ನಾನು ಶಬ್ದವನ್ನು ಓದಿ ಬೆಳೆದವನಾದುದರಿಂದ ಕವಿಯ ಕಡೆಗೇ ಒಲಿಯಬೇಕಾಗಿತ್ತು. ಆದರೂ ಈ ಜಗಳದಲ್ಲಿ ಶಿಲ್ಪಿಯ ಕೋಪವು ನನಗೆ ನ್ಯಾಯವೆಂದೇ ತೋರುವುದು. ಮಾಸ್ಕಿನಂಥ ರೂಪಕದಲ್ಲಿ ಸಾಹಿತ್ಯ ನಾಲ್ಕಾರು ಪುಟ, ದೃಶ್ಯವೋ ಇರುಳಿಡೀ. ಅರಮನೆಯ ತೀರ್ಪೂ ಶಿಲ್ಪಿಯ ಪರವಾಗಿಯೇ ಆಯಿತು. ಅಲ್ಲಿಂದಾಚೆಗೆ ಜಾನ್ಸನ್ ಕವಿಗೆ ಆಸ್ಥಾನದ ಮಾಸ್ಕುಗಳ ಕರೆ ಬರಲಿಲ್ಲ.

ಆ ರಂಗಗಳಲ್ಲಿ ಒಂದೂ ಉಳಿದಿಲ್ಲ. ರೂಪಕಗಳು ನಡೆಯುತ್ತಿದ್ದ ಹಳೆಯ ಔತಣಶಾಲೆ ೧೬೧೯ರಲ್ಲಿ ಸುಟ್ಟುಹೋಯಿತು. ಅದರ ಜಾಗದಲ್ಲಿ ಜೋನ್ಸನೇ ಕಟ್ಟಿದ ಹೊಸ ಶಾಲೆ ಇಂದಿಗೂ ನಿಂತಿದೆ. ಆದರೆ ರೂಪಕಗಳಿಗೆಂದು ಆಮೇಲೆ ಮರದಿಂದ ಎಬ್ಬಿಸಿದ ಶಾಲೆಯನ್ನು ಅಂತರ್ಯುದ್ಧದ ಕಾಲದಲ್ಲಿ ಕೆಡವಿಸಿದರು. ಒಂದು ಉಡುಪೂ ಇಲ್ಲ, ಒಂದು ಫಲಕವೂ ಇಲ್ಲ. ಉಳಿದದ್ದು ಕಾಗದ. ಜೋನ್ಸನು ೧೬೫೨ರಲ್ಲಿ ತೀರಿಕೊಂಡ ಮೇಲೆ ಅವನ ಚಿತ್ರಗಳು ಶಿಷ್ಯನಾದ ಜಾನ್ ವೆಬ್ಬನ ಕೈಸೇರಿದವು. ಮುಂದೆ ಬರ್ಲಿಂಗ್ಟನ್ ಪ್ರಭುವಿನ ವಶವಾಗಿ, ಅವನ ಮಗಳ ವಿವಾಹಸಂಬಂಧದಿಂದ ಡೆವನ್‌ಷೈರ್ ಮನೆತನಕ್ಕೆ ಬಂದು, ಚಾಟ್ಸ್‌ವರ್ತ್ ಎಂಬ ಅವರ ಮಹಾಗೃಹದಲ್ಲಿ ನಿಂತವು. ನಾಲ್ಕು ನೂರಕ್ಕೂ ಮಿಕ್ಕ ಪತ್ರಗಳು. ೧೯೨೪ರಲ್ಲಿ ಸಿಂಪ್ಸನ್, ಬೆಲ್ ಎಂಬಿಬ್ಬರು ಇವುಗಳ ವಿವರವಾದ ಪಟ್ಟಿಯನ್ನು ಪ್ರಕಟಿಸಿದರು; ೧೯೭೩ರಲ್ಲಿ ಆರ್ಗೆಲ್, ಸ್ಟ್ರಾಂಗ್ ಎಂಬ ವಿದ್ವಾಂಸರು ಚಿತ್ರಸಹಿತವಾದ ಮಹಾಸಂಪುಟಗಳನ್ನು ಹೊರತಂದರು. ಆ ಪತ್ರಗಳಲ್ಲಿ ಕೆಲವು ಅಂದವಾದ ಚಿತ್ರಗಳೇ ಅಲ್ಲ. ದೊಡ್ಡದಾಗಿ ಬರೆದುಕೊಳ್ಳಲೆಂದು ಮೇಲೆ ಚೌಕದ ಗೆರೆಗಳನ್ನು ಹಾಕಿದೆ. ಉಡುಪಿನ ಬಣ್ಣ ಯಾವುದಿರಬೇಕೆಂದು ಅಂಚಿನಲ್ಲಿ ಬರೆದಿದೆ. ಕೆಲವುಗಳ ಮೇಲೆ ರಂಗದ ಬಣ್ಣದ ಸಿಡಿಹನಿಗಳು ಬಿದ್ದಿವೆ. ಕೆಲಸದವರು ಏಣಿಯ ಬಳಿ ಇಟ್ಟುಕೊಂಡು ನೋಡಿ ನೋಡಿ ಬರೆದ ಕಾಗದಗಳು ಅವು. ಕಲೆ ಬಿದ್ದಿದೆಯೆಂದು ಯಾರೂ ಅವನ್ನು ಎಸೆಯಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಪ್ರಕೃತಕ್ಕೆ ಬರೋಣ. ನಮ್ಮ ನಾಡಿನಲ್ಲಿ ಬಯಲಾಟಗಳಿಗೆ ಬರೆದ ಪರದೆಯ ಅವಶ್ಯಕತೆಯಿರಲಿಲ್ಲ. ಇಬ್ಬರು ಹಿಡಿದ ತೆರೆಯ ಮರೆಯೊಂದೇ ಸಾಕು, ಮಿಕ್ಕದ್ದೆಲ್ಲ ಭಾಗವತನ ಹಾಡೂ ವೇಷದ ಬೆಡಗೂ. ಉತ್ತರ ಕನ್ನಡದ ಕಡೆಯಿಂದ ಹೋದ ಭಾಗವತ ಮೇಳವೊಂದರ ಆಟವನ್ನು ಸಾಂಗಲಿಯ ಸಂಸ್ಥಾನಿಕರು ೧೮೪೨ರ ಸುಮಾರಿಗೆ ಕಂಡು ಮೆಚ್ಚಿ, ಅಂಥದೇ ಒಂದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರೆಂಬುದು ಪ್ರಸಿದ್ಧ ಸಂಗತಿ. ೧೮೪೩ರ ಸೀತಾಸ್ವಯಂವರ ಹೀಗೆ ಹುಟ್ಟಿತು. ಅತ್ತ ಮುಂಬಯಿಯ ಗ್ರಾಂಟ್ ರಸ್ತೆಯಲ್ಲಿ ೧೮೪೬ರಲ್ಲಿ ನಾಟಕಗೃಹ ತೆರೆಯಿತು. ಇಂಗ್ಲಿಷರ ಮಾದರಿಯ ಚೌಕಟ್ಟಿನ ರಂಗವನ್ನೂ ಬರೆದ ಪರದೆಯನ್ನೂ ಪಾರ್ಸಿ ಕಂಪನಿಗಳು ಕೈಗೆತ್ತಿಕೊಂಡು ಊರೂರಿಗೆ ಒಯ್ದವು. ನಾವು ಕೊಟ್ಟದ್ದು ಆಟ, ಪಡೆದದ್ದು ಪರದೆ.

ಪರದೆಯು ಬಂದಮೇಲೆ ನಾಟಕದ ಕಟ್ಟಡವೇ ಬದಲಾಯಿತು. ಇದನ್ನು ಸ್ವಲ್ಪ ವಿವರಿಸಬೇಕು. ಕಂಪನಿಯವರಲ್ಲಿ ಬೀದಿಯ ಪರದೆ, ಕಾಡಿನ ಪರದೆ, ಉದ್ಯಾನ, ಅಂತಃಪುರ, ದರಬಾರು, ಹೀಗೆ ಕೆಲವು ನಿಯತವಾದ ಪರದೆಗಳು ಇರುತ್ತಿದ್ದವು. ಅವನ್ನು ಬೊಂಬಿಗೆ ಸುತ್ತಿ ಹಗ್ಗದಿಂದ ಏರಿಸಿ ಇಳಿಸುವರು. ಬೀದಿಯ ಪರದೆ ಪ್ರೇಕ್ಷಕರಿಗೆ ಹತ್ತಿರ. ಅದರ ಮುಂದೆ ನಾಲ್ಕು ಹೆಜ್ಜೆ ಜಾಗದಲ್ಲಿ ಹಾಸ್ಯದವರು ಮಾತನಾಡುತ್ತಿರಲು, ಹಿಂದೆ ಸದ್ದಿಲ್ಲದೆ ಸಿಂಹಾಸನವೂ ಕಂಬಗಳೂ ಸಿದ್ಧವಾಗುವುವು. ಪರದೆ ಮೇಲೇರಿತೆಂದರೆ ಝಗಝಗಿಸುವ ದರಬಾರು! ನಮ್ಮ ಕಂಪನಿ ನಾಟಕಗಳಲ್ಲಿ ಗಂಭೀರ ದೃಶ್ಯದ ನಡುನಡುವೆ ಹಾಸ್ಯಪ್ರಸಂಗ ತೂರಿಬರುವುದನ್ನು ಪಂಡಿತರು ರಸಾಭಾಸವೆಂದು ದೂರುವರು. ಪರದೆಯ ಹಿಂದೆ ಬೆವರುತ್ತಿದ್ದ ಕೆಲಸದವರಿಗೆ ಬೇಕಾದ ಹೊತ್ತಿನ ಲೆಕ್ಕವೂ ಆ ಪ್ರಸಂಗದಲ್ಲಿ ಸೇರಿತ್ತೆಂಬುದನ್ನು ಅವರು ಗಮನಿಸಲಿಲ್ಲ. ಜೋನ್ಸನ ದೃಶ್ಯ ದೊರೆಯೊಬ್ಬನ ಕಣ್ಣಿಗೆ. ನಮ್ಮ ಪೇಂಟರನು ಕುರ್ಚಿ, ಬೆಂಚು, ನೆಲವೆಂದು ಮೂರು ದರ್ಜೆಯಲ್ಲಿ ಕುಳಿತ ಸಾವಿರ ಕಣ್ಣುಗಳಿಗೆ ಬರೆಯಬೇಕಾಗಿತ್ತು. ನೆಲದವರು ಸೀಟಿ ಹೊಡೆದರೆ ಮಾತ್ರ ಪರದೆ ಗೆದ್ದಂತೆ.

ಬರೆದವರಲ್ಲಿ ಹೆಸರು ಉಳಿಸಿಕೊಂಡವರು ವಿರಳ. ಕೊಲ್ಹಾಪುರದ ಆನಂದರಾವ್, ಬಾಬುರಾವ್ ಎಂಬ ಬಂಧುಗಳಿಬ್ಬರು ೧೯೧೦ರಿಂದ ೧೯೧೬ರವರೆಗೆ ಸಂಗೀತ ನಾಟಕ ಮಂಡಲಿಗಳಿಗೆ ಬರೆದ ಪರದೆಗಳಿಂದ ಪ್ರಖ್ಯಾತರಾದರು. ಅವರ ಮನೆತನದ ಹೆಸರನ್ನು ಜನ ಮರೆತರು. ಕಾಯಕವೇ ಉಪನಾಮವಾಗಿ 'ಪೇಂಟರ್' ಎಂದು ನಿಂತಿತು. ಆನಂದರಾವ್ ೧೯೧೬ರಲ್ಲಿ ಕಾಲವಾದರು. ಬಾಬುರಾವ್ ಪೇಂಟರ್ ಚಲಚ್ಚಿತ್ರದ ಕಡೆಗೆ ಹೊರಳಿ ೧೯೨೦ರಲ್ಲಿ ಸೈರಂಧ್ರಿ ಎಂಬ ಚಿತ್ರವನ್ನು ತೋರಿಸಿದರು, ೧೯೫೪ರಲ್ಲಿ ತೀರಿಕೊಂಡರು. ಇವರ ಹೆಸರು ಉಳಿದದ್ದು ಚಲಚ್ಚಿತ್ರದ ಪುಣ್ಯದಿಂದಲೇ ಹೊರತು ಪರದೆಯಿಂದಲ್ಲವೆಂದು ನನ್ನ ಅಭಿಪ್ರಾಯ. ಅದೇ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಕಾಲದಲ್ಲಿ ೧೯೧೫ರ ಹೊತ್ತಿಗೆ ಸಿದ್ಧವಾದ ನಾಟಕಗೃಹಕ್ಕೆ ಮುಂದೆ ಕೇಶವರಾವ್ ಭೋಸಲೆಯವರ ಹೆಸರನ್ನು ಇಟ್ಟರು. ಲಲಿತಕಲಾದರ್ಶ ಮಂಡಲಿಯನ್ನು ೧೯೦೮ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸ್ಥಾಪಿಸಿದವರು ಅವರೇ. ಆ ನಾಟಕಗೃಹ ೨೦೨೪ರ ಆಗಸ್ಟ್ ೮ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ಮರುದಿನ ಕೇಶವರಾಯರ ಜಯಂತಿ.

ಕನ್ನಡದ ಕಂಪನಿಗಳಲ್ಲಿ ಗುಬ್ಬಿಯ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘದ ಹೆಸರನ್ನು ಅರಿಯದವರಾರು? ೧೮೮೪ರಲ್ಲಿ ಹುಟ್ಟಿ, ವೀರಣ್ಣನವರ ಯಾಜಮಾನ್ಯದಲ್ಲಿ ನಾಡೆಲ್ಲ ಸಂಚರಿಸಿದ ಸಂಘವದು. ೧೯೩೪ರ ಕುರುಕ್ಷೇತ್ರದಲ್ಲಿ ರಂಗದ ಮೇಲೆ ಆನೆ ಕುದುರೆಗಳೇ ಬಂದವು. ಭರತನ ಸಂಜೀವಕ್ಕೆ ಇಷ್ಟು ಧಾರಾಳವಾದ ಉದಾಹರಣೆ ಬೇರೆಲ್ಲಿಯೂ ಇರಲಾರದು! ವೀರಣ್ಣನವರು ತಮ್ಮ ಆತ್ಮಕಥನಕ್ಕೆ 'ಕಲೆಯೇ ಕಾಯಕ' ಎಂದು ಹೆಸರಿಟ್ಟದ್ದು ನಮ್ಮವರಿಗೆ ಹೃದ್ಯವಾದ ಸಂಗತಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಅಂಧ ಅನಾಥ ಶಿಷ್ಯರ ಅನ್ನಕ್ಕಾಗಿ ನಾಟ್ಯಸಂಘವನ್ನೇ ನಡೆಸಿದರು. ಕಣ್ಣಿಲ್ಲದ ಗುರುಗಳ ಸಂಘಕ್ಕೆ ಕಣ್ಣಿನ ವಿಷಯವಾದ ಪರದೆಯನ್ನು ಬರೆದ ಪೇಂಟರನಿಗೆ ಏನೆನಿಸಿರಬೇಕೆಂದು ನಾನು ಹಲವು ಸಲ ಆಲೋಚಿಸಿದ್ದೇನೆ.

ಈ ಪರದೆಗಳೂ ಉಡುಪುಗಳೂ ನಾಶವಾದುದಕ್ಕೆ ಕಾರಣವು ಅವುಗಳ ದ್ರವ್ಯದಲ್ಲಿಯೇ ಇದೆ. ಬಣ್ಣದ ಪುಡಿಯನ್ನು ಅಂಟಿನ ನೀರಿನಲ್ಲಿ ಕಲಸಿ ಬಟ್ಟೆಗೆ ಹಚ್ಚುತ್ತಿದ್ದರು. ಎಣ್ಣೆಯ ಬಣ್ಣವಾದರೆ ದೀಪದ ಬೆಳಕಿಗೆ ಮಿರುಗಿ ಕಣ್ಣು ಕುಕ್ಕುವುದು, ಸುತ್ತುವಾಗ ಭಾರವೂ ಆಗುವುದು. ಆದುದರಿಂದ ನೀರಿನ ಬಣ್ಣವೇ ಲೇಸು. ಆದರೆ ಒಂದು ಮಳೆ ಬಿದ್ದರೆ ಅರಮನೆಯೆಲ್ಲ ಕರಗಿ ಕೆಳಗಿಳಿಯುವುದು. ಸುತ್ತದೆ ಮಡಿಸಿಟ್ಟರೆ ಮಡಿಕೆಯ ಗೆರೆಯುದ್ದಕ್ಕೂ ಬಣ್ಣ ಉದುರುವುದು. ಅಂಟು ಇದ್ದಲ್ಲಿ ಹುಳು ತಪ್ಪದು. ಇನ್ನು ಹಣದ ಅಡಚಣೆ. ಹೊಸ ನಾಟಕ ಬಂದಾಗ ಹಳೆಯ ಪರದೆಯ ಮೇಲೆಯೇ ಹೊಸತನ್ನು ಬಳಿಯುವರು, ಕಂಪನಿ ಮುಳುಗಿದಾಗ ಪರದೆಯು ಸಾಲಗಾರನ ಮನೆಯಲ್ಲಿ ಕಾಳಿನ ರಾಶಿಗೆ ಹೊದಿಕೆಯಾಗುವುದು. ನಾನು ಬಾಲಕನಾಗಿದ್ದಾಗ ಒಂದೂರಿನ ಕಣದಲ್ಲಿ ಜೋಳದ ರಾಶಿಯ ಮೇಲೆ ಕೈಲಾಸಪರ್ವತವು ಹಾಸಿಕೊಂಡಿದ್ದುದನ್ನು ಕಂಡು ನಕ್ಕಿದ್ದೆನು. ಆ ಮನೆಯವರ ಹೆಸರು ಇಲ್ಲಿ ಬೇಡ. ಅವರಿಗೆ ಬಟ್ಟೆ ಬೇಕಾಗಿತ್ತು, ಇದ್ದುದನ್ನು ಹಾಸಿದರು. ಜರತಾರಿಯ ಉಡುಪುಗಳ ಗತಿ ಇನ್ನೂ ಕಠಿನ. ನಿಜವಾದ ಜರಿಯಿದ್ದರೆ ಅದನ್ನು ಸುಟ್ಟು ಬೆಳ್ಳಿಯನ್ನು ತೆಗೆದುಕೊಳ್ಳುವರು.

ಮೇಲಾಗಿ ನಮ್ಮ ಪೇಂಟರರು ಕರಡು ಚಿತ್ರಗಳನ್ನು ಇಟ್ಟುಕೊಳ್ಳಲಿಲ್ಲ. ಇದ್ದಿಲಿನಿಂದ ನೇರವಾಗಿ ಬಟ್ಟೆಯ ಮೇಲೆಯೇ ಗೆರೆ ಹಾಕಿ ಬರೆದರೆ ಚಿತ್ರಪತ್ರ ಎಲ್ಲಿಂದ ಬರಬೇಕು? ಅವರ ಆಕರವು ೧೮೯೪ರಲ್ಲಿ ಆರಂಭವಾದ ರವಿವರ್ಮರ ಮುದ್ರಣಾಲಯದಿಂದ ಬಂದು ಮನೆಮನೆಯ ಗೋಡೆಯಲ್ಲಿ ನೇತಾಡುತ್ತಿದ್ದ ಚಿತ್ರಪಟಗಳು. ಸರಸ್ವತಿಯ ಸೀರೆ, ದಮಯಂತಿಯ ನಿಲುವು ಅಲ್ಲಿಂದ ರಂಗಕ್ಕೆ ಬಂದವು.

ರಂಗದ ಕುರುಹುಗಳನ್ನು ಕೂಡಿಡುವ ಕಾರ್ಯಕ್ಕೆ ಎಲ್ಲೆಡೆಯೂ ಮೊದಲು ಬೇಕಾದದ್ದು ಒಬ್ಬರ ಹಠ. ಲಂಡನ್ನಿನಲ್ಲಿ ಗೇಬ್ರಿಯಲ್ ಎಂಥೋವನ್ ಎಂಬ ಮಹಿಳೆಯು ಎಂಬತ್ತು ಸಾವಿರಕ್ಕೂ ಮಿಕ್ಕ ನಾಟಕದ ಕರಪತ್ರಗಳನ್ನು ಸಂಗ್ರಹಿಸಿ, ಬಹಳ ವರ್ಷ ಅರ್ಜಿ ಹಿಡಿದು ತಿರುಗಿ, ೧೯೨೪ರಲ್ಲಿ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದಳು. ಅದೇ ಕಾಲಕ್ಕೆ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ಮಾಡದಿಂದ ತಾಡವೋಲೆಗಳನ್ನು ಇಳಿಸಿ ವಚನಗಳನ್ನು ಅಚ್ಚು ಹಾಕಿಸುತ್ತಿದ್ದರು. ವಚನಶಾಸ್ತ್ರಸಾರ ಹೊರಬಂದದ್ದು ೧೯೨೩ರಲ್ಲಿ. ಭರತನ ಗ್ರಂಥಕ್ಕೆ ಅಭಿನವಗುಪ್ತನು ಬರೆದ ವ್ಯಾಖ್ಯಾನವೂ ಕೇರಳದ ಓಲೆಗಳಿಂದ ಬೆಳಕಿಗೆ ಬಂದು ೧೯೨೬ರಲ್ಲಿ ಬಡೋದೆಯಿಂದ ಪ್ರಕಟವಾಗತೊಡಗಿತು. ಓಲೆಗೆ ಕಾವಲುಗಾರರು ಸಿಕ್ಕಿದರು, ಏಕೆಂದರೆ ಓಲೆಯು ಪೂಜ್ಯ. ಪರದೆಯು ಪೂಜ್ಯವಲ್ಲ. ಕುಣಿಯುವವರ ಸಾಮಾನು ಎಂಬ ತಾತ್ಸಾರ ಮಠದವರಲ್ಲಿಯೂ ಇದ್ದಿತೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

ಈಚಿನ ಕಾಲದಲ್ಲಿ ದೃಷ್ಟಿ ಬದಲಾಗಿದೆ. ಗಿರೀಶ ಕಾರ್ನಾಡರು ಕನ್ನಡದಲ್ಲಿ ಬರೆದ ತುಘಲಕ್ ನಾಟಕವನ್ನು ೧೯೭೨ರಲ್ಲಿ ಇಬ್ರಾಹೀಂ ಅಲ್ಕಾಜಿಯವರು ದಿಲ್ಲಿಯ ಹಳೆಯ ಕೋಟೆಯ ನಿಜವಾದ ಪಾಳುಗೋಡೆಗಳ ಮುಂದೆ ಆಡಿಸಿದರು. ಅವರ ನಾಟಕಗಳಿಗೆ ಉಡುಪನ್ನು ರಚಿಸುತ್ತಿದ್ದ ರೋಶನ್ ಅಲ್ಕಾಜಿಯವರು ಪ್ರಾಚೀನ ಭಾರತದ ಉಡುಪುಗಳ ಮೇಲೆ ೧೯೮೩ರಲ್ಲಿ ಒಂದು ಗ್ರಂಥವನ್ನೇ ಬರೆದರು. ಆ ದಂಪತಿಗಳ ರಂಗಪತ್ರಗಳು ಸಂಗ್ರಹವಾಗಿವೆ. ಕನ್ನಡದಲ್ಲಿ ಪ್ರೇಮಾ ಕಾರಂತರು ರಂಗಕ್ಕೂ ಚಲಚ್ಚಿತ್ರಕ್ಕೂ ಉಡುಪು ರಚಿಸಿ ಹೆಸರು ಪಡೆದರು. ಮೈಸೂರಿನ ರಂಗಾಯಣದಲ್ಲಿ ಶ್ರೀರಂಗರ ಹೆಸರಿನ ಮಾಹಿತಿ ಕೇಂದ್ರವಿದೆ. ಹೊಸದುರ್ಗದ ಬಳಿಯ ಸಾಣೇಹಳ್ಳಿಯಲ್ಲಿ ಮಠವೇ ಶಿವಸಂಚಾರವೆಂಬ ನಾಟಕತಂಡವನ್ನು ೧೯೯೭ರಲ್ಲಿ ಕಟ್ಟಿತು. ಮಠಕ್ಕೂ ರಂಗಕ್ಕೂ ಹೊಲೆಯೆಂಬ ಭಾವನೆ ಅಲ್ಲಿಗೆ ಅಳಿಯಿತು.

ಅಟ್ಟದ ಪರದೆಯ ಮಾತನ್ನು ಹೇಳಿ ಮುಗಿಸುವೆನು. ಶ್ರೀಗಳವರ ಅಪ್ಪಣೆಯಂತೆ ಅದನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಯಾಡಿಸಿ, ಧೂಳನ್ನು ಮೆದುವಾದ ಕುಂಚದಿಂದ ತೆಗೆದು, ನಡುವೆ ಬಿಳಿಯ ಬಟ್ಟೆಯನ್ನು ಕೊಟ್ಟು, ಹೊಸ ಬೊಂಬಿಗೆ ಸುತ್ತಿ ಗ್ರಂಥಭಂಡಾರದಲ್ಲಿ ಇಟ್ಟಿದೆ. ಒದ್ದೆ ಬಟ್ಟೆಯನ್ನು ಮುಟ್ಟಿಸಿಲ್ಲ. ಅಗಲ ಹದಿನೆಂಟು ಮೊಳ, ಎತ್ತರ ಹತ್ತು. ಸಿಂಹಾಸನದ ಕೆಳಗೆ ಬಣ್ಣ ಉದುರಿದೆಡೆಯಲ್ಲಿ ಇನ್ನೊಂದು ಚಿತ್ರದ ಹಸುರು ಕಾಣುವುದು. ಮೊದಲು ಅದು ಕಾಡಿನ ಪರದೆಯಾಗಿತ್ತು. ಇದನ್ನು ಬರೆದವರ ಹೆಸರನ್ನಾಗಲಿ ಊರನ್ನಾಗಲಿ ಬಲ್ಲ ಹಿರಿಯರು, ಅಥವಾ ತಮ್ಮ ಮನೆಯ ಅಟ್ಟದಲ್ಲಿ ಇಂಥ ಪರದೆ, ಕಿರೀಟ, ಉಡುಪು, ನಾಟಕದ ಕರಪತ್ರಗಳನ್ನು ಉಳ್ಳವರು ಶ್ರೀಮಠದ ಗ್ರಂಥಭಂಡಾರಕ್ಕೆ ಒಂದು ಕಾಗದ ಬರೆಯಬೇಕೆಂದು ಪ್ರಾರ್ಥನೆ. ವಸ್ತುವನ್ನು ಕೊಡಬೇಕೆಂದಿಲ್ಲ, ನೋಡಿ ಬರೆದುಕೊಂಡು ಹಿಂದಿರುಗಿಸಲಾಗುವುದು.